ನಾಲ್ಕಕ್ಷರ

ಬಿಆರ್‌ಸಿಯ ಫ್ಯಾನಿಗೆ ಒಂದೇ ವೇಗ.
ಹಾಜರಿ ಹಾಳೆ ಹಾರದಂತೆ ಅದರ ಮೇಲೆ
ನನ್ನ ಊಟದ ಡಬ್ಬಿ ಇಟ್ಟೆ.

ಮೈಸೂರಿನಿಂದ ಬಂದವರು ಬೋರ್ಡಿನ ಮೇಲೆ
ನಾಲ್ಕಕ್ಷರ ಬರೆದು, ಕೈಯ ಸುಣ್ಣ ಕೊಡವಿ
ಟೆಫ್ಲ್, ಎಂದರು.
ಕೊನೆಯ ಲ್ ಹಲ್ಲಿನ ಹಿಂದೆಯೇ ನಿಂತಿತು.
ಕೈಹಿಡಿದು ಹೊರಗೆ ಕರೆತರಲು
ಪಾಪ, ಅದಕ್ಕೊಂದು ಸ್ವರವಿರಲಿಲ್ಲ.

ಭಟ್ಕಳದ ಝುಬೇರ್ ಮಾಸ್ತರರು ಒಪ್ಪಲಿಲ್ಲ.
ಟಿ. ಇ. ಎಫ್. ಎಲ್.
ಒಂದೊಂದನ್ನೂ ಬಿಡಿಸಿ ಇಟ್ಟರು,
ಅರಿಯರ್ಸ್ ಬಿಲ್ಲಿನ ಸೊನ್ನೆ ಎಣಿಸುವ ಹಾಗೆ.
ಹೊನ್ನಾವರದ ಪ್ರಫುಲ್ಲಾ ಮೇಡಂ ಬಾಯಲ್ಲಿ ಅದು ಟೆಫೆಲ್,
ಐಫೆಲ್ ಗೋಪುರದ ತಂಗಿ.
ಮುಂದಿನದು ಬರೆದರೋ ಇಲ್ಲವೋ
ಟೆಸೋಲ್ ಎಂದರು ಒಬ್ಬರು, ಟೆಝಲ್ ಎಂದರು ಇನ್ನೊಬ್ಬರು,
ಟೀಸಾಲ್, ಟೀಸಾಲ್, ಎಂದಿತು ಹಿಂದಿನ ಬೆಂಚು.
ಬಾಗಿಲಲ್ಲಿ ಕಿಟ್ಲಿ ಹಿಡಿದು ನಿಂತಿದ್ದ ಪುರ್ಸು
ನೆಟ್ಟಗಾದ:
ಟೀ ಸಾಲವಾ? ಹೋದ ತಿಂಗಳದ್ದೇ
ತೊಂಬತ್ತು ಕಪ್ಪು ಬಾಕಿ ಉಂಟು, ಸರ್.

ನಾನು ಬಾಯಿ ಬಿಡಲಿಲ್ಲ.
ಕೊಂಕಣಿಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ
ಎರಡು ತಾರಿ ದಾಟಿ ಬಂದವಳು.
ಧಾರವಾಡದಲ್ಲಿ ಬಿ.ಎಡ್. ಅನ್ನು ಬೆಡ್ ಎಂದು ಓದಿ
ಒಂದು ವರ್ಷ ಪೂರ್ತಿ ಹಾಸಿಗೆಯ ಹುಡುಗಿ ಎನ್ನಿಸಿಕೊಂಡವಳು.
ಅದೂ ಅಲ್ಲದೆ, ಅವರು ಟೆಫ್ಲ್ ಎಂದ ಕೂಡಲೇ
ನನ್ನ ನಾಲಿಗೆಯ ಅಂಚು ಜುಂ ಎಂದಿತ್ತು.

ತೆಫ್ಲ.
ಆಯಿ ಬಾಂಗಡೆ ಸಾರಿಗೆ ಜಜ್ಜಿ ಹಾಕುವ,
ಒಣಗಿ ಬಾಯಿ ಬಿಟ್ಟ ಪುಟ್ಟ ಕಾಯಿ.
ಘಟ್ಟದವರು ಜುಮ್ಮನಕಾಯಿ ಎನ್ನುತ್ತಾರೆ.
ಬೀಜ ತೆಗೆದು ಸಿಪ್ಪೆ ಮಾತ್ರ.
ಐದು, ಇಲ್ಲವೇ ಏಳು. ಸರಿಸಂಖ್ಯೆ ಹಾಕಿದರೆ
ಮೀನು ಮುನಿಯುತ್ತದಂತೆ.
ಸಾರು ಉಣ್ಣು, ಕಾಯಿ ಕಚ್ಚಬೇಡ, ಎನ್ನುವಳು.
ಕಚ್ಚಿದ್ದೆ, ಎರಡನೇ ಇಯತ್ತೆಯಲ್ಲಿದ್ದಾಗ.
ಅರ್ಧ ಗಂಟೆ ನನ್ನ ಹೆಸರೇ ನನಗೆ ಹೇಳಲಾಗಲಿಲ್ಲ.
ಸುಲಕ್ಷಾದ ಕ್ಷಾ ಮೆಟ್ಟಿಲಲ್ಲಿ ಜಾರುತ್ತಿತ್ತು,
ತುಟಿ ಯಾರದೋ, ಹಲ್ಲು ಯಾರದೋ.

ಮಧ್ಯಾಹ್ನ ನನ್ನ ಡಬ್ಬಿ ತೆರೆದಾಗ
ಮೈಸೂರಿನವರು ಮೂಗರಳಿಸಿದರು.
ಕರಾವಳಿಗೆ ಬಂದು ಮೀನು ಬಿಡುವುದುಂಟೆ, ಎಂದರು.
ಬಡಿಸಿದೆ.
ಕಾಯಿ ಬದಿಗಿಡಿ ಎಂದು ಹೇಳುವಷ್ಟರಲ್ಲಿ,
ಇರಲಿ, ನಿಜ ಹೇಳುತ್ತೇನೆ,
ಹೇಳಲು ಬೇಕಾದಷ್ಟು ಹೊತ್ತಿತ್ತು.

ಎರಡೂವರೆಯ ಅವಧಿ. ಎದ್ದು ನಿಂತರು.
ಬೋರ್ಡಿನ ನಾಲ್ಕಕ್ಷರಕ್ಕೆ ಕೋಲು ತಾಗಿಸಿದರು.
ಥೆ, ಎಂದರು. ಥೆಫ್, ಎಂದರು.
ಝುಬೇರ್ ಮಾಸ್ತರರು ನೀರು ಕೊಟ್ಟರು.
ನೀರು ಕುಡಿದರೆ ಹೆಚ್ಚುತ್ತದೆ,
ಅದನ್ನೂ ನಾನು ಹೇಳಲಿಲ್ಲ.
ಕೆನ್ನೆ ಮುಟ್ಟಿಕೊಂಡರು, ನಕ್ಕರು, ಮತ್ತೆ ತಡಕಾಡಿ
ತೆಫ್ಲ, ಎಂದರು.
ತುದಿಯಲ್ಲಿ ಅಕಾರ, ಮೆತ್ತಗೆ, ದಡ ಮುಟ್ಟಿದ ದೋಣಿಯಂತೆ.
ಸಾಕ್ಷಾತ್ ನಮ್ಮ ಕೇರಿಯವರ ಹಾಗೆ.
ಯಾರೂ ತಿದ್ದಲಿಲ್ಲ.
ಪ್ರಫುಲ್ಲಾ ಮೇಡಂ ಅದನ್ನೇ ನೋಟ್ಸಿನಲ್ಲಿ ಬರೆದುಕೊಂಡರು.

ಮರುದಿನ ಎಂಟನೇ ಇಯತ್ತೆಯಲ್ಲಿ
ತಾಂಡೇಲರ ಮಿಥುನ ವೆಡ್‌ನೆಸ್‌ಡೇ ಎಂದು ಓದಿದ,
ಕಾಗುಣಿತದ ಒಂದಕ್ಷರವೂ ಹಸಿದು ಮಲಗದಂತೆ
ಎಲ್ಲಕ್ಕೂ ಬಾಯಲ್ಲಿ ಜಾಗ ಕೊಟ್ಟು.
ತಿದ್ದಿದೆ. ತಿದ್ದದೆ ಸಂಬಳ ತಗೊಳ್ಳಲಾದೀತೆ?
ಆದರೆ ಅವನು ಇಡೀ ಪುಟ ಮುಗಿಸುವ ತನಕ ತಡೆದೆ.

ಏನು ಕಲಿಸಿದರೇ ಬಿಆರ್‌ಸಿಯಲ್ಲಿ, ಎಂದು ಆಯಿ ಕೇಳಿದ್ದು
ಆ ಸಂಜೆ, ಬಾಂಗಡೆಯ ಕಿವಿರು ಕೀಳುತ್ತ.
ತೆಫ್ಲ್, ಎಂದೆ.
ಅವಳು ಕೈ ತೊಳೆದು, ಮಾಡಿನ ಡಬ್ಬಿ ಇಳಿಸಿ,
ಅಲುಗಿಸಿ ಕೇಳಿ, ಮುಚ್ಚಳ ತೆಗೆದು ನೋಡಿದಳು.
ನಾಲ್ಕೇ ಉಳಿದಿದ್ದು.
ನಾಲ್ಕರಿಂದ ಏನೂ ಆಗುವುದಿಲ್ಲ,
ಭಾನುವಾರದ ಸಂತೆಯಲ್ಲಿ ನೆನಪು ಮಾಡು.