ಹದಿನೇಳು

ಗಂಗಾವತಿ. ಅಕ್ಕಿ ಗಿರಣಿ ಎದುರಿನ ಮಾಳಿಗೆ ಕೋಣೆ,
ಕಿಟಕಿಯ ಜಾಳಿಗೆಗೆ ತೌಡಿನ ಧೂಳು.
ಪರದೆಯ ಮೇಲೆ ಯಾರದೋ ನೆತ್ತರು
ಗಾಜಿನ ಸಣ್ಣ ಕಾಲುವೆಯಲ್ಲಿ ಹರಿಯುತ್ತಿದೆ.
ಗಂಡೋ ಹೆಣ್ಣೋ, ಯಾವೂರೋ, ಬರೆದಿಲ್ಲ.
ಒಂದೊಂದು ಕಣಕ್ಕೂ ಒಂದು ನಂಬರು ಕೊಟ್ಟು,
ಸುತ್ತ ಗೆರೆ ಎಳೆದು,
ಮುಂದಿನ ಚಿತ್ರದಲ್ಲಿ ಅದನ್ನೇ ಹುಡುಕಿ
ಅದೇ ನಂಬರು ಉಳಿಸಬೇಕು.
ದಿನಕ್ಕೆ ನಾನೂರು ಚಿತ್ರ.

ಒಂದರ ಮೇಲೊಂದು ಬಂದಾಗ ತ್ರಾಸು.
ಹದಿನೇಳು ಇಪ್ಪತ್ಮೂರರ ಅಡಿಗೆ ಸರಿಯುತ್ತದೆ:
ಮೊದಲು ಅರ್ಧ ರೊಟ್ಟಿ,
ಆಮೇಲೆ ಕತ್ತರಿಸಿ ಬಿಟ್ಟ ಉಗುರಿನಷ್ಟು,
ಆಮೇಲೆ ಏನೂ ಇಲ್ಲ.
ಎಂಟು ಚಿತ್ರ ದಾಟಿ ಆಚೆ ಅಂಚು ಇಣುಕಿದರೆ
ಕಂಪ್ಯೂಟರು ಹೊಸದು ಹುಟ್ಟಿತೆಂದು
ನಲವತ್ತೊಂದು ಅಂತ ಹೆಸರಿಡುತ್ತದೆ.
‘ಅದಕ್ಕೇನ್ ಗೊತ್ತು ಪಾಪ, ಅದು ಹೊಳಿ ನೋಡಿಲ್ಲ’ ಅಂದೆ.
ಖಾಜಾಸಾಬ ನಕ್ಕ.

ನಾನು ನೋಡಿದವಳು.
ಆನೆಗೊಂದಿ ಕಡವಿನ ಬಂಡೆ ಮೇಲೆ ಕೂತು
ಅಪ್ಪನ ಹರಿಗೋಲು ಕಾದವಳು.
ಮೇಲಿಂದ ಎಲ್ಲವೂ ಒಂದೇ: ದುಂಡಗೆ, ನಡುವೆ ತಗ್ಗು,
ಗರಗರ ತಿರುಗುತ್ತ, ಥೇಟ್ ಈ ಕೆಂಪು ಕಣ.
ಬಂಡೆ ಹಿಂದೆ ಎರಡು ಹೋಗಿ ಎರಡು ಬಂದರೆ
ಯಾವುದು ಯಾವುದು?
ಡಾಂಬರಿನ ತೇಪೆ ನೋಡು. ಹುಟ್ಟಿನ ತಾಳ ನೋಡು.
ಹೋದ ವೇಗ ನೆನಪಿಟ್ಟು
ಅದೇ ವೇಗದಲ್ಲಿ ಮನಸಿನೊಳಗೆ ಹುಟ್ಟು ಹಾಕು.
ಅಷ್ಟೊತ್ತಿಗೂ ಬರದಿದ್ದರೆ ಅವ್ವನಿಗೆ ಹೇಳು.
ಒಮ್ಮೆ ಲೆಕ್ಕ ತಪ್ಪಿ, ಇನ್ಯಾರಿಗೋ ಕೈಬೀಸುತ್ತ
ದಂಡೆಗುಂಟ ಓಡಿದ್ದೆ.
ಅವನೂ ಬೀಸಿದ, ಪುಣ್ಯಾತ್ಮ.

ಡ್ಯಾಮಿನ ಗೇಟು ತೆಗೆದ ವರ್ಷ
ದೊಡ್ಡಪ್ಪ ಯಮನೂರಪ್ಪ ಬಂಡೆ ಹಿಂದೆ ಹೋದವನು
ಈಚೆ ಬರಲಿಲ್ಲ.
ಕತ್ತಲಾಗುವ ತನಕ ನಾನು ಹುಟ್ಟು ಹಾಕುತ್ತಲೇ ಇದ್ದೆ.
ಮೂರನೆಯ ದಿನ ಹಿರಿಯರು ಕೂತು ಮಾತಾಡಿದರು.
ದೊಡ್ಡವ್ವ ಎರಡು ಬಳೆ ಒಡೆದಳು,
ಉಳಿದವನ್ನು ಒಡೆಯಲು ಕಲ್ಲು ಸಿಗಲಿಲ್ಲ ಅಂದಳು.
ಆನೆಗೊಂದಿಯಲ್ಲಿ. ಕಲ್ಲು.

ಮರುದಿನ ಕಂಪ್ಲಿ ದಾರಿಯಲ್ಲಿ
ಒಂದು ಹರಿಗೋಲು ನಡೆದು ಬಂತು.
ತಲೆ ಮೇಲೆ ಬೋರಲು; ಮುಖವಿಲ್ಲ, ಎದೆಯಿಲ್ಲ,
ಮಣಕಾಲ ಕೆಳಗಷ್ಟೇ ಮನುಷ್ಯ.
‘ಯಾರೋ ಮಾರಾಕ ತಂದಾನ’ ಅಂದರು ಕಟ್ಟೆ ಮೇಲಿನವರು.
ಎಡ ಹಿಮ್ಮಡಿ ನೆಲಕ್ಕೆ ಹತ್ತುತ್ತಿರಲಿಲ್ಲ.
ದೊಡ್ಡಪ್ಪಾ ಅಂತ ಕೂಗಿದ್ದು ನಾನೇ, ಏಳು ವರ್ಷದವಳು.

ಇವತ್ತಿನ ಕೊನೆಯ ತುಣುಕಿನಲ್ಲಿ
ಹದಿನೇಳು ಮತ್ತೆ ಮರೆಯಾಯಿತು,
ಹೊರಬರುವ ಮೊದಲೇ ವಿಡಿಯೋ ಮುಗಿಯಿತು.
ಎರಡೇ ಗುಂಡಿ: ‘ಇಲ್ಲ’, ‘ಮರೆಯಲ್ಲಿದೆ’.
ಇಪ್ಪತ್ಮೂರರ ಹೊಟ್ಟೆಯ ಮೇಲೆ ಹಾಯಿಸಿ
ಕಾಣದ ಅಂಚಿಗೆ ಚುಕ್ಕಿಗೆರೆ ಎಳೆದೆ,
ಹದಿನೇಳು ಅಂತಲೇ ಬರೆದೆ.
ಖಾತ್ರಿ ನೂರಕ್ಕೆ ಎಷ್ಟು, ಕೇಳಿದ ಖಾಜಾಸಾಬ.
ಅದಕ್ಕೊಂದು ಖಾನೆ ಇದೆ, ಖಾಲಿ ಬಿಡುವಂತಿಲ್ಲ.

ಅರವತ್ತು ಅಂತ ಹಾಕಿದೆ.
ಕಲ್ಲು ಸಿಗಲಿಲ್ಲ ಅಂದವಳ ಲೆಕ್ಕವೂ
ಸುಮಾರು ಅಷ್ಟೇ ಇದ್ದೀತು.