ಬೇಚರಾಕ್

ಕೆಪೆಯಿಂದ ಒಳಗೆ ಹನ್ನೊಂದು ಕಿಲೋಮೀಟರು,
ಸರ್ವೆ ನಂಬರು ನೂರಾ ಹದಿನಾಲ್ಕು.
ಎಫಿಜೇನಿಯಾ ಮೇಡಂ ಯಂತ್ರಕ್ಕೆ ಕಣ್ಣು ಹಚ್ಚಿ
ಎಡಕ್ಕೆ, ಇನ್ನೂ ಎಡಕ್ಕೆ ಅನ್ನುತ್ತಾರೆ.
ನಾನು ಕೋಲು ಹಿಡಿಯುವವ.
ಹದಿನಾರು ವರ್ಷದಿಂದ ಇದೇ ಕೆಲಸ:
ಬೇರೆಯವರ ನೆಲದಲ್ಲಿ ನೆಟ್ಟಗೆ ನಿಲ್ಲುವುದು.

ದೀಪಾವಳಿ ಕಳೆದು ತಿಂಗಳಾಯಿತು.
ಮಳೆಗಾಲದ ಹುಲ್ಲು ಎಲ್ಲ ಕಡೆ ಒಂದೇ ಸಲ ಒಣಗುವುದಿಲ್ಲ,
ಕೆಳಗೆ ಕಲ್ಲಿದ್ದಲ್ಲಿ ಮೊದಲು ಸಾಯುತ್ತದೆ.
ದಿಬ್ಬ ಹತ್ತಿ ನೋಡಿದರೆ ಹಸಿರಿನಲ್ಲಿ ಹಳದಿ ಗೆರೆ,
ಗೆರೆಗೆ ಮೂಲೆ,
ನಡುವೆ ಬಾಗಿಲಷ್ಟು ಬಿಡುವು.
ಎಣಿಸಿದೆ. ಇಪ್ಪತ್ಮೂರು ಮನೆ, ಒಂದು ಓಣಿ,
ಓಣಿಯ ಕೊನೆಗೆ ದುಂಡಗೆ ಏನೋ, ಬಾವಿ ಇರಬೇಕು.
ತಿಪ್ಪೆ ಇದ್ದ ಕಡೆ ಮಾತ್ರ ಉತ್ತರಾಣಿ ಎದೆಮಟ್ಟ.
ಯಾವ ಕಾಲದ ಬೂದಿಯೋ, ಸೆಗಣಿಯೋ,
ಇನ್ನೂ ಉಣ್ಣಿಸುತ್ತಿದೆ.

ಕದಂಬರ ಕಾಲದ್ದಿರಬಹುದು, ಎಂದರು ಮೇಡಂ
ಮಡಕೆಯ ಚೂರು ತಿರುಗಿಸಿ.
ಆಮೇಲೆ ಫಾರಮ್ಮಿನಲ್ಲಿ
ವಸತಿ: ಇಲ್ಲ.

ನಮ್ಮ ಸಿಂದಗಿ ಕಡೆ ತಲಾಟಿ ಬರೆಯುತ್ತಿದ್ದುದು ಬೇರೆ,
ಬೇಚರಾಕ್.
ಚಿರಾಗು ಹಚ್ಚುವವರಿಲ್ಲದ ಊರು.
ಹೆಸರು ಇರುತ್ತದೆ, ಎಲ್ಲೆ ಇರುತ್ತದೆ, ಕಂದಾಯವೂ ಇರುತ್ತದೆ.
ಹಾಳೂರಿಗೆ ಉಳಿದವನೇ ಗೌಡ ಅಂತ ಅಪ್ಪ ನಗುತ್ತಿದ್ದ.

ಇಲ್ಲಿ ಉಳಿದವನನ್ನು
ಎಮ್ಮೆ ಕಾಯುವ ಬಾಬ್ಲೊ ಝೋರೆ ತೋರಿಸಿದ.
ಹುಣಸೆ ಬುಡದಲ್ಲಿ ಒಂದು ಜೊತೆ ಚಪ್ಪಲಿ, ಬೀಡಿ, ರೊಟ್ಟಿಯ ಚೂರು.
ದೇವಚಾರ. ಎಲ್ಲೆ ಕಾಯುವವ.
ರಾತ್ರಿಯಿಡೀ ಕೋಲೂರಿ ಊರು ಸುತ್ತುತ್ತಾನೆ,
ವರ್ಷಕ್ಕೊಂದು ಜೊತೆ ಸವೆಸುತ್ತಾನೆ.
ಯಾವ ಊರು? ಕೇಳಿದೆ.
ಬಾಬ್ಲೊ ಎಮ್ಮೆಗಳ ಕಡೆ ನೋಡಿದ.
'ಜನ ಹೋದದ್ದು ಅವನಿಗೆ ಯಾರೂ ಹೇಳಿಲ್ಲ.
ನಮ್ಮಜ್ಜ ಹೇಳಲಿಲ್ಲ. ನೀ ಹೇಳ್ತೀಯಾ?'

ಹಳೆಯ ಜೊತೆ ಎತ್ತಿ ನೋಡಿದೆ.
ಹಿಮ್ಮಡಿ ಸವೆದಿತ್ತು,
ಎಡಗಾಲಿನದು ಹೆಚ್ಚು.

ವಾಸ್ಕೋದಲ್ಲಿ ಹಳಿಯ ಬದಿಗೆ ನಮ್ಮದೂ ಒಂದು ಸಾಲಿತ್ತು.
ತಗಡಿಗೆ ಬುನಾದಿ ಇರುವುದಿಲ್ಲ,
ಹುಲ್ಲು ಏನಂತ ನೆನಪಿಡುತ್ತದೆ?
ಕೆಡವಿದ ಮಾರನೇ ದಿನ ಅವ್ವ ಹೋಗಿ
ನಳದಿಂದ ಹೆಜ್ಜೆ ಎಣಿಸಿ, ಒಲೆಯ ಜಾಗ ಇದೇ ಎಂದು
ಬರಿನೆಲದ ಮೇಲೆ ಕುಂತಳು.
ಪೊಲೀಸನೂ ಸುಮ್ಮನಿದ್ದ ಸ್ವಲ್ಪ ಹೊತ್ತು.

'ಇನ್ನೊಂದು ಪಾಯಿಂಟು!' ಮೇಡಂ ಕೂಗುತ್ತಾರೆ.
ಎರಡು ಹೆಜ್ಜೆ ಮುಂದೆ, ಹಳದಿ ಗೆರೆಯ ಬಿಡುವು.
ಯಾರದೋ ಹೊಸ್ತಿಲು.
ಬಲಗಾಲಿಟ್ಟು ದಾಟಿದೆ, ಕೋಲು ನೆಟ್ಟೆ.
ಒಲೆ ಬಹುಶಃ
ಇನ್ನೂ ಎಡಕ್ಕೆ.