ಮೂಡು

ಶಿಡ್ಲಘಟ್ಟದಿಂದ ಏಳು ಮೈಲಿ, ನಮ್ಮೂರ ಹಿಂದೆ
ಒಂದು ಬಂಡೆ. ಹೆಸರಿರಲಿಲ್ಲ ಅದಕ್ಕೆ.
ಹೆಸರಿಟ್ಟರೆ ದೇವರಾಗಿಬಿಡುತ್ತೆ,
ಆಮೇಲೆ ಹತ್ತೋಕೆ ಬಿಡಲ್ಲ
ಅನ್ನುತ್ತಿದ್ದ ವೆಂಕಟರೋಣಪ್ಪ.
ಅವನಿಗಾಗ ಒಂಬತ್ತು ವರ್ಷ.

ಹೊಂಗೆ ಕೊಂಬೆ ಮುರಿದು, ಸೊಪ್ಪಿನ ಮೇಲೆ ಕೂತು,
ಹಿಂದಿನವರು ಮುಂದಿನವರ ಸೊಂಟ ಹಿಡಿದು
ಒಕಟಿ, ರೆಂಡು—
ಮೂಡು ಅನ್ನುವಷ್ಟರಲ್ಲಿ ಕೆಳಗೆ.
ಆಟಕ್ಕೆ ತೆಲುಗು, ಜಗಳಕ್ಕೆ ಕನ್ನಡ,
ನ್ಯಾಮತ್ ಬಿದ್ದರೆ ಅಳು ಮಾತ್ರ ಉರ್ದುವಿನಲ್ಲಿ.
ಅವನ ಅಂಗಿಗೆ ಬೇಯಿಸಿದ ರೇಷ್ಮೆಗೂಡಿನ ವಾಸನೆ.
ಒಂದು ಕೈ ಮೂಗಿಗೆ, ಒಂದೇ ಕೈ ಅವನ ಸೊಂಟಕ್ಕೆ,
ಹಾಗಾಗಿ ಎರಡು ಸಲ ಉರುಳಿದೆ ನಾನು.

ಸೊಪ್ಪು ಅರೆದೂ ಅರೆದೂ
ಬಂಡೆಯ ನಡುನೆತ್ತಿಗೆ ಹಸಿರು ಬೈತಲೆ.

ಅಮ್ಮನದು ಹೊಲಿಗೆ ಮಿಷನ್ನು.
‘ನಾನು ಮಕ್ಕಳಿಗೆ ಹೊಲೀತಿದ್ದೀನೋ, ಬಂಡೆಗೋ?’
ತಮ್ಮನ ಖಾಕಿ ಚಡ್ಡಿಗೆ ಹಿಂದೆ ಎರಡು ತೇಪೆ,
ಒಂದು ಯಾರದೋ ರವಿಕೆಯ ಕೆಂಪು,
ಇನ್ನೊಂದು ಯಾರದೋ ಮದುವೆಯ ಗಿಳಿಹಸಿರು.
ಅವನು ಓಡಿದರೆ
ಎರಡು ಬಣ್ಣದ ಕಣ್ಣು ನಮ್ಮನ್ನೇ ನೋಡುತ್ತಾ
ದೂರ ಹೋಗುತ್ತಿದ್ದವು.

ಬೀಳುವುದನ್ನು ಕಲಿಸಿದ್ದು ಪಿಳ್ಳಕ್ಕ.
ಇಸ್ಕೂಲು ಬಿಟ್ಟು ಕುರಿ ಕಾಯುತ್ತಿದ್ದಳು,
ನಮಗೆಲ್ಲ ಅವಳೇ ಮೇಷ್ಟ್ರು.
‘ಗಲ್ಲ ಎದೆಗಿಡು. ಮೊಣಕೈ ಒಳಕ್ಕೆ.
ಬೀಳೋದಾದರೆ ಪೂರಾ ಬೀಳಮೇ,
ಅರ್ಧ ಬಿದ್ದರೇನೇ ಮುರಿಯೋದು.’

ಹನ್ನೆರಡಕ್ಕೆ ನನ್ನನ್ನು ಇಳಿಸಿದರು.
ಮೂಲೆಯಲ್ಲಿ ಚಾಪೆ, ಬೇರೆ ಲೋಟ, ಎಳ್ಳು ಬೆಲ್ಲ.
ಒಂಬತ್ತು ದಿನ ಕಳೆದು ಹೊರಗೆ ಬಂದಾಗ
ಲಂಗದ ಮೇಲೆ ದಾವಣಿ ಇತ್ತು, ದಾವಣಿಯ ಮೇಲೆ ಊರಿನ ಕಣ್ಣು.
ಬಂಡೆ ಅಲ್ಲೇ ಇತ್ತು, ಕೂಗಿದರೆ ಕೇಳುವಷ್ಟು ದೂರ.
ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ
ಒಕಟಿ, ರೆಂಡು ಕೇಳಿಸಿಕೊಳ್ಳುತ್ತಿದ್ದೆ.
ಮೂಡು
ನಾನೇ ಹೇಳಿಕೊಳ್ಳುತ್ತಿದ್ದೆ, ಬೂದಿಗೈಯಲ್ಲಿ, ಮೆಲ್ಲಗೆ.

ಹೋದ ವರ್ಷ ಗೂಡಿನ ಮಾರುಕಟ್ಟೆ ಮೆಟ್ಟಿಲಲ್ಲಿ
ಕಾಲು ಜಾರಿತು. ಐವತ್ತಮೂರು ನನಗೆ.
ಯೋಚನೆ ಮಾಡಲು ಪುರುಸೊತ್ತೇ ಇಲ್ಲ.
ಗಲ್ಲ ತಾನೇ ಎದೆಗೆ ಹೋಯಿತು,
ಮೊಣಕೈ ಒಳಕ್ಕೆ ಮಡಚಿತು,
ಆರು ಮೆಟ್ಟಿಲು ಮೂಟೆಯಂತೆ ಉರುಳಿ
ಎದ್ದು ಕೂತೆ. ಬಳೆ ಒಡೆದಿದ್ದವು, ಅಷ್ಟೇ.
ಎಕ್ಸ್‌ರೇ ತೆಗೆದ ಹುಡುಗ ಕೇಳಿದ:
‘ಯೋಗ ಮಾಡ್ತೀರಾ ಅಮ್ಮ?’
ಎಲ್ಲಿಂದ ಹೇಳಲಿ ಅವನಿಗೆ?

ಬಂಡೆ ಈಗಿಲ್ಲ.
ಮದ್ದಿಟ್ಟರು, ಸೀಳಿದರು, ಲಾರಿಗೆ ಹೇರಿದರು.
ನಾನೇನೂ ಅಳಲಿಲ್ಲ, ನನ್ನ ಮನೆಯ ಚಪ್ಪಡಿಯೂ
ಯಾವುದೋ ಊರಿನ ಮಕ್ಕಳ ಬಂಡೆಯೇ ಇರಬೇಕು.

ಮೊನ್ನೆ ಅಳತೆ ರವಿಕೆ ಕೊಡಲು ಹೋಗಿದ್ದೆ
ಚೌಡರೆಡ್ಡಿಯವರ ದ್ರಾಕ್ಷಿ ತೋಟಕ್ಕೆ.
ಚಪ್ಪರದ ಕೆಳಗೆ ಸಾಲು ಸಾಲು ಕಲ್ಲುಕೂಚ,
ಉಳಿಯ ಹಲ್ಲು ಕಚ್ಚಿದ ಒರಟು ಕಲ್ಲು.
ನಡೆಯುತ್ತಾ ಒಂದೊಂದನ್ನೇ ಮುಟ್ಟುತ್ತಾ ಹೋದೆ,
ಸುಮ್ಮನೆ, ಬಟ್ಟೆಯ ನೇಯ್ಗೆ ನೋಡುವ ಅಭ್ಯಾಸ.
ನಾಲ್ಕನೇ ಸಾಲಿನಲ್ಲಿ ಒಂದು ಕೂಚ
ಮೂರು ಮಗ್ಗುಲು ಒರಟು,
ನಾಲ್ಕನೆಯದಕ್ಕೆ ಕೈ ತಾಗಿದೊಡನೆ
ಬೆರಳು ಜಾರಿತು.

ಅದು ಉಳಿ ಕೊಟ್ಟ ನುಣುಪಲ್ಲ, ಮಳೆ ಕೊಟ್ಟದ್ದಲ್ಲ.
ಖಾಕಿ, ಚೀಟಿ ಲಂಗ, ಕೆಂಪು ತೇಪೆ, ಗಿಳಿಹಸಿರು—
ಗಜಗಟ್ಟಲೆ ಅಮ್ಮನ ದುಡಿಮೆ ಸವೆದ ನುಣುಪು.
ರೆಡ್ಡಿಯವರ ದ್ರಾಕ್ಷಿ ನಿಂತಿರುವುದು
ನಮ್ಮ ಚಡ್ಡಿಗಳ ಮೇಲೆ.

ಸುತ್ತ ನೋಡಿದೆ. ಔಷಧಿ ಹೊಡೆಯುವವನು
ಆ ತುದಿಯಲ್ಲಿದ್ದ, ಬೆನ್ನು ಈ ಕಡೆಗೆ.
ಕೂಚಕ್ಕೆ ಒರಗಿದೆ. ಸೆರಗು ಬಿಗಿ ಮಾಡಿಕೊಂಡೆ.
ಒಕಟಿ, ರೆಂಡು—

ಮೂರೇ ಅಡಿ.
ಕೂತಲ್ಲಿ ಮಣ್ಣು ತಣ್ಣಗಿತ್ತು.
ಸೀರೆ ತಿರುಗಿಸಿ ನೋಡಿಕೊಂಡೆ:
ಒಂದು ಎಳೆಯೂ ಹರಿದಿರಲಿಲ್ಲ.
ಅದೊಂದೇ ಬೇಜಾರು.